ಹಂದಿ ಹಳೆಯದು, ಕುದುರೆ ಹೊಸದು: ಮರದ ಪ್ರಾಣಿಗಳ ವಯಸ್ಸು ತಿಳಿಯುವ ಬಗೆ

ಪ್ರಶ್ನೆ: ನಾವು ಜಯನಗರದಲ್ಲಿ ವಾಸವಾಗಿದ್ದೇವೆ. ಮನೆಯಲ್ಲಿ ಎರಡು ಮರದ ಪ್ರಾಣಿಗಳಿವೆ. ಬಾರ್ಕೂರಿನ ಸಮೀಪ ನನ್ನ ಹೆಂಡತಿಯ ಅಜ್ಜಿಮನೆಯನ್ನು ಕೆಡವಿದಾಗ ಅಟ್ಟದಲ್ಲಿ ಸಿಕ್ಕ ಹಂದಿ ಒಂದು. ಸುಮಾರು ಎರಡು ಅಡಿ ಉದ್ದವಿದೆ, ಮೈಯೆಲ್ಲ ಮಸಿ, ಅಲ್ಲಲ್ಲಿ ಕೆಂಪು ಬಣ್ಣ ಇಣುಕುತ್ತದೆ, ಒಂದು ಕಿವಿ ಮುರಿದಿದೆ. ಇನ್ನೊಂದು, ನಗರದ ಅಂಗಡಿಯೊಂದರಲ್ಲಿ ‘ಚೆಟ್ಟಿನಾಡಿನ ದೇವಸ್ಥಾನದ್ದು, ಇನ್ನೂರು ವರ್ಷ ಹಳೆಯದು’ ಎಂದು ಹೇಳಿ ಮಾರಿದ ಕುದುರೆ. ಹಂದಿಯನ್ನು ತೊಳೆಸಿ ವಾರ್ನಿಶ್ ಹಚ್ಚಿಸಬಹುದೇ? ಅದರ ಕಾಲ ಬಳಿ ಸಣ್ಣ ಪುಡಿ ಉದುರುತ್ತಿದೆ. ಎರಡರಲ್ಲಿ ಒಂದನ್ನು ಅಮೆರಿಕದಲ್ಲಿರುವ ಮಗಳಿಗೆ ಕಳಿಸುವ ಆಸೆಯಿದೆ. ಫೋಟೊಗಳನ್ನು ಲಗತ್ತಿಸಿದ್ದೇನೆ.

ಉತ್ತರ: ವಾರ್ನಿಶ್ ಡಬ್ಬಿ ತಂದಿದ್ದರೆ ಅಂಗಡಿಗೆ ವಾಪಸು ಕೊಟ್ಟುಬಿಡಿ. ಉಳಿದದ್ದಕ್ಕೆ ಅವಸರವಿಲ್ಲ.

ಮರದ ಪ್ರಾಣಿ ಕಂಡೊಡನೆ ಎಲ್ಲರೂ ಕೇಳುವುದು ‘ಎಷ್ಟು ವರ್ಷದ್ದು?’ ಎಂದೇ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತಿರುವುದರಿಂದ ಉತ್ತರವೂ ಸಿದ್ಧವಾಗಿರುತ್ತದೆ. ನೂರೈವತ್ತಕ್ಕಿಂತ ಕಡಿಮೆ ಹೇಳುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ನಾನು ಮೊದಲು ಕೇಳುವುದು, ಈ ಪ್ರಾಣಿ ಯಾವ ಕೆಲಸಕ್ಕಿತ್ತು ಎಂದು. ನಮ್ಮ ಕಡೆಯ ಹಳೆಯ ಆಚಾರಿಗಳು ಬರೀ ನೋಡಿ ಸಂತೋಷಪಡಲೆಂದು ಎರಡಡಿಯ ಪ್ರಾಣಿಯನ್ನು ಕೆತ್ತಿದ್ದು ಅಪರೂಪ. ಉತ್ಸವಮೂರ್ತಿಯನ್ನು ಹೊರುವ ವಾಹನ, ರಥದ ಮುಂದೆ ನೆಗೆದು ನಿಂತ ಕುದುರೆ, ತೊಲೆಗೆ ಆಸರೆಯಾದ ಮದನಕೈಯ ಸಿಂಹ ಅಥವಾ ಯಾಳಿ (ಸಿಂಹದ ಮೈಯ ಕಾಲ್ಪನಿಕ ಪ್ರಾಣಿ), ದೈವಸ್ಥಾನದ ಉರು (ಮರದ ಮೂರ್ತಿ), ತೊಟ್ಟಿಲ ಮೇಲಿನ ಗಿಳಿ, ಹೀಗೆ ಪ್ರತಿಯೊಂದಕ್ಕೂ ಒಂದು ಉದ್ಯೋಗವಿತ್ತು. ಉದ್ಯೋಗ ಮೈಮೇಲೆ ಗುರುತು ಬಿಡುತ್ತದೆ. ಆ ಗುರುತುಗಳು ಇರಬೇಕಾದ ಜಾಗದಲ್ಲಿಯೇ ಇವೆಯೇ ಎಂದು ನೋಡಿದರೆ ವಯಸ್ಸಿನ ಪ್ರಶ್ನೆ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ.

ಕುದುರೆಯ ವಿಚಾರ ಬೇಗ ಮುಗಿಯುವಂಥದ್ದು, ಅದನ್ನೇ ಮೊದಲು ನೋಡೋಣ.

ದೇವಸ್ಥಾನದ ಮರದ ಕುದುರೆ ಎಂದರೆ ಒಂದೋ ಅದು ವಾಹನ, ಇಲ್ಲವೇ ರಥದ ಕುದುರೆ. ತಿರುಮಲೆಯ ಬ್ರಹ್ಮೋತ್ಸವದಲ್ಲಿ ಎಂಟನೆಯ ರಾತ್ರಿ ಸ್ವಾಮಿ ಹೊರಡುವುದು ಅಶ್ವವಾಹನದ ಮೇಲೆ. ನಮ್ಮ ಬೆಂಗಳೂರಿನ ಹಳೆಯ ದೇವಸ್ಥಾನಗಳಲ್ಲೂ ಗರುಡ, ಹಂಸ, ಸಿಂಹ, ಆನೆ, ಕುದುರೆಗಳು ವರ್ಷವಿಡೀ ಬಟ್ಟೆ ಹೊದ್ದು ನಿಂತಿದ್ದು, ಉತ್ಸವದ ದಿನ ಹೊರಗೆ ಬರುತ್ತವೆ. ಅವಕಾಶ ಸಿಕ್ಕಿದರೆ ಅರ್ಚಕರನ್ನು ಕೇಳಿ ಒಂದನ್ನು ಹತ್ತಿರದಿಂದ ನೋಡಿ ಬನ್ನಿ. ಬೆನ್ನಿನ ಮೇಲೆ ಮೂರ್ತಿಯ ಪೀಠ ಕೂರಲು ಸಮತಟ್ಟಾದ ಜಾಗ ಅಥವಾ ಕುಳಿ ಇರುತ್ತದೆ. ಮೂರ್ತಿ ಅಲುಗದಂತೆ ಹಗ್ಗ ಬಿಗಿಯಲು ಕಬ್ಬಿಣದ ಬಳೆಗಳಿರುತ್ತವೆ, ಹಗ್ಗ ಉಜ್ಜಿದಲ್ಲಿ ಮರ ನುಣುಪಾಗಿ ಸವೆದಿರುತ್ತದೆ. ಕಾಲ ಕೆಳಗಿನ ಮಣೆಯಲ್ಲಿ ಹೊರುವ ದಂಡಿಗೆಗಳನ್ನು ಕಟ್ಟುವ ಏರ್ಪಾಟು ಇರುತ್ತದೆ. ಒಂದು ಕಾಲದಲ್ಲಿ ಬೆಳ್ಳಿ ಅಥವಾ ಹಿತ್ತಾಳೆಯ ತಗಡು ಹೊದಿಸಿ, ಆಮೇಲೆ ಕಿತ್ತಿದ್ದರೆ ಸಾಲುಸಾಲಾಗಿ ಸಣ್ಣ ಮೊಳೆಗಳ ತೂತು ಉಳಿದಿರುತ್ತವೆ. ರಥದ ಕುದುರೆಯಾದರೆ ಹಿಂಭಾಗದಲ್ಲಿ ರಥಕ್ಕೆ ಸೇರಿಸಿದ ಜಾಗ ಎದ್ದು ಕಾಣಬೇಕು; ಬಿಸಿಲು ಮಳೆ ಹೊಡೆದ ಮುಂಭಾಗಕ್ಕೂ ಮರೆಯಲ್ಲಿದ್ದ ಹಿಂಭಾಗಕ್ಕೂ ವ್ಯತ್ಯಾಸ ಇರಬೇಕು.

ನಿಮ್ಮ ಕುದುರೆಯಲ್ಲಿ ಇದಾವುದೂ ಇಲ್ಲ. ಬೆನ್ನು ಎಲ್ಲ ಕಡೆ ಒಂದೇ ಸಮ ಗುಂಡಗಿದೆ. ಯಾರನ್ನೂ ಹೊತ್ತ ಕುದುರೆಯಲ್ಲ ಅದು. ಸವೆತವೇನೋ ಇದೆ, ಆದರೆ ಯಾರ ಕೈಯೂ ಹಗ್ಗವೂ ತಾಗದ ಗಂಟಲ ಕೆಳಗೂ ತೊಡೆಯ ಒಳಗೂ ಅಷ್ಟೇ ಸವೆತ ಇದೆ. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಹೀಗಾಗುತ್ತದೆ. ಕಂದು ಬಣ್ಣಕ್ಕೆ ಚಹಾದ ಡಿಕಾಕ್ಷನ್, ಪೊಟ್ಯಾಸಿಯಂ ಪರ್ಮಾಂಗನೇಟ್, ಬೂಟ್ ಪಾಲಿಶ್ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಬಿಳಿ ಹತ್ತಿಗೆ ಟರ್ಪೆಂಟೈನ್ ತಾಗಿಸಿ ಹೊಟ್ಟೆಯ ಕೆಳಗೆ ಮೆಲ್ಲಗೆ ಒತ್ತಿ ನೋಡಿ. ಪಾಲಿಶ್ ಆಗಿದ್ದರೆ ಹತ್ತಿಗೆ ಬಂದೇ ಬರುತ್ತದೆ. (ಈ ಪರೀಕ್ಷೆ ಕುದುರೆಗೆ ಮಾತ್ರ. ಹಂದಿಯ ಹತ್ತಿರ ಟರ್ಪೆಂಟೈನ್ ಒಯ್ಯಬೇಡಿ.) ಕಿವಿಯನ್ನು ಸೇರಿಸಿರುವ ಸ್ಕ್ರೂವಿನ ತಲೆಯಲ್ಲಿ ಅಡ್ಡ-ಉದ್ದ ಗೆರೆಯಿದೆ, ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಆಮೇಲಿನ ದುರಸ್ತಿಯಲ್ಲಿ ಹಾಕಿದ್ದಿರಬಹುದಲ್ಲ ಎಂದು ವ್ಯಾಪಾರಿ ವಾದಿಸಬಹುದು, ಅದು ನ್ಯಾಯವಾದ ವಾದವೇ.

ಆದರೆ ಅವನು ಉತ್ತರಿಸಲಾಗದ ಸಾಕ್ಷಿಯೊಂದು ನಿಮ್ಮ ಮೂರನೆಯ ಫೋಟೊದಲ್ಲಿದೆ. ಕುದುರೆಯ ಎಡ ಭುಜದ ಮೇಲೆ ಹುಳು ತಿಂದ ಗೆರೆಗಳು ತೆರೆದ ಕಾಲುವೆಗಳ ಹಾಗೆ ಉದ್ದಕ್ಕೆ ಹರಿದಿವೆ. ಮರ ಕೊರೆಯುವ ಕುಟ್ಟೆಹುಳು ಬೆಳಕಿಗೆ ಬಂದು ಮೇಲ್ಮೈಯಲ್ಲಿ ಹೀಗೆ ಸಾಗುವುದಿಲ್ಲ. ಮರಿಹುಳು ಒಳಗೊಳಗೇ ಸುರಂಗ ಕೊರೆದು, ಬೆಳೆದ ಮೇಲೆ ಒಂದು ಸಣ್ಣ ದುಂಡನೆಯ ತೂತು ಮಾಡಿಕೊಂಡು ಹೊರಗೆ ಹಾರುತ್ತದೆ. ಆದ್ದರಿಂದ ಕೆತ್ತಿದ ಮೇಲೆ ಹುಳು ಬಿದ್ದಿದ್ದರೆ ಮೇಲ್ಮೈಯಲ್ಲಿ ಕಾಣಬೇಕಾದದ್ದು ದುಂಡನೆಯ ತೂತುಗಳು. ಸುರಂಗದ ಉದ್ದವೇ ತೆರೆದು ಕಾಣುತ್ತಿದೆ ಎಂದರೆ ಹುಳು ತಿಂದು ಹೋದ ಎಷ್ಟೋ ಕಾಲದ ಮೇಲೆ ಯಾರೋ ಆ ಮರವನ್ನು ಉಳಿಯಿಂದ ಕಡಿದಿದ್ದಾರೆ. ಮರ ನಿಜಕ್ಕೂ ಹಳೆಯದು, ಬಹುಶಃ ಕೆಡವಿದ ಮನೆಯ ತೇಗದ ಕಂಬ ಅಥವಾ ತೊಲೆ; ಕುದುರೆ ಹೊಸದು. ಚೆಟ್ಟಿನಾಡಿನ ಕಾರೈಕುಡಿಯ ಹಳೆಯ ಸಾಮಾನಿನ ಪೇಟೆಗಾಗಲಿ ಜೋಧಪುರದ ಕಾರ್ಖಾನೆಗಳಿಗಾಗಲಿ ಇಂತಹ ಮರಕ್ಕೆ ಬರವಿಲ್ಲ.

ಕಾರ್ಬನ್ ಪರೀಕ್ಷೆ ಮಾಡಿಸಿದ ಕಾಗದ ತೋರಿಸಿದರೂ ಮರುಳಾಗಬೇಡಿ. ಆ ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು. ಕೆತ್ತಿದ ಕಾಲ ಅದಕ್ಕೆ ತಿಳಿಯದು. ಅಲ್ಲದೆ ಹದಿನೇಳನೆಯ ಶತಮಾನದ ಮಧ್ಯದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗಿನ ಅವಧಿಯಲ್ಲಿ ಅದರ ಫಲಿತಾಂಶ ಹಲವು ಕಾಲಗಳಿಗೆ ಏಕಕಾಲದಲ್ಲಿ ಹೊಂದುತ್ತದೆ. ಅಂಗಡಿಗಳು ಹೇಳುವ ವಯಸ್ಸೆಲ್ಲ ಬೀಳುವುದು ಈ ಅವಧಿಯಲ್ಲೇ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸಬೇಕು: ಕುದುರೆಯ ಕೇಸರದ ಕೆತ್ತನೆ ಚೆನ್ನಾಗಿದೆ. ಕೆತ್ತಿದವನಿಗೆ ಕೈ ಇದೆ. ಸುಳ್ಳು ಹೇಳಿದವನು ಮಾರಿದವನು ಮಾತ್ರ.

ಈಗ ಹಂದಿ. ಇದರ ಫೋಟೊಗಳನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದೆ.

ಹೊಟ್ಟೆಯ ಅಡಿಯಲ್ಲಿ ಬಾಚಿಯ ಪೆಟ್ಟುಗಳು ಹಾಗೆಯೇ ಉಳಿದಿವೆ, ಒಂದೊಂದೂ ಹೆಬ್ಬೆರಳಗಲದ ಚಪ್ಪಟೆ ಕಚ್ಚು. ಮೂತಿ, ಕುತ್ತಿಗೆಯ ಮೇಲಿನ ಬಿರುಗೂದಲಿನ ಸಾಲು, ಕೋರೆಹಲ್ಲಿನ ಬುಡ ಇಲ್ಲೆಲ್ಲ ಸಣ್ಣ ಉಳಿ ಆಡಿದೆ. ಕಾಣುವ ಕಡೆ ಶ್ರಮ, ಕಾಣದ ಕಡೆ ಅವಸರ. ಕೆಲಸ ಗೊತ್ತಿದ್ದ ಆಚಾರಿಯ ಲಕ್ಷಣ ಇದು. ಅಂಗಡಿಗೆಂದು ಮಾಡಿದ ವಸ್ತುವನ್ನು ಗಿರಾಕಿ ತಿರುಗಿಸಿ ನೋಡುತ್ತಾನೆ. ಹಾಗಾಗಿ ಅದನ್ನು ಎಲ್ಲ ಕಡೆ ಒಂದೇ ಸಮ ಉಜ್ಜಿರುತ್ತಾರೆ, ಇಲ್ಲವೇ ಎಲ್ಲ ಕಡೆ ಒಂದೇ ಸಮ ಹಾಳುಮಾಡಿರುತ್ತಾರೆ.

ಮಸಿಯನ್ನೂ ಓದಬಹುದು. ನಿಮ್ಮ ಹಂದಿಯ ಮೇಲೆ ಎರಡು ಬಗೆಯ ಕಪ್ಪು ಇದೆ. ಬೆನ್ನಿನ ಮೇಲೆ ಒಣಗಿದ, ದಪ್ಪನೆಯ ಮಸಿ, ಹೊಟ್ಟೆಯ ಕೆಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಇದು ಅಟ್ಟದಲ್ಲಿ ಬಿದ್ದಿದ್ದಾಗ ಅಡುಗೆಮನೆಯ ಒಲೆಯ ಹೊಗೆಯಿಂದ ಕೂತದ್ದು. ಆ ಹೊಗೆಯೇ ಇಷ್ಟು ವರ್ಷ ಹುಳುವನ್ನು ದೂರ ಇಟ್ಟಿದ್ದರೂ ಇಟ್ಟಿರಬಹುದು. ಮುಖದ ಮೇಲಿನ ಕಪ್ಪು ಬೇರೆ, ಜಿಡ್ಡುಜಿಡ್ಡಾಗಿದೆ, ಹಣೆಯ ಗೀರುಗಳಲ್ಲಿ ಕುಂಕುಮದಂತಹ ಕೆಂಪು ಪುಡಿ ಸಿಕ್ಕಿಕೊಂಡಿದೆ. ಎಣ್ಣೆದೀಪದ ಎದುರು, ಬಹಳ ಕಾಲ, ಪೂಜೆ ಪಡೆದು ನಿಂತ ಮುಖ ಇದು. ಅಟ್ಟಕ್ಕೆ ಹೋಗುವ ಮುಂಚೆ ಅದಕ್ಕೆ ಇನ್ನೊಂದು ಬದುಕಿತ್ತು.

ಆ ಬದುಕು ಯಾವುದೆಂದು ಊಹಿಸುವುದು ಕಷ್ಟವಲ್ಲ. ‘ಕಾಂತಾರ’ ಸಿನಿಮಾದ ನಂತರ ಬೆಂಗಳೂರಿನಲ್ಲಿ ಹಂದಿಮುಖ ಕಂಡಲ್ಲೆಲ್ಲ ಪಂಜುರ್ಲಿ, ಅಂದರೆ ತುಳುನಾಡಿನ ಹಂದಿರೂಪದ ದೈವ, ಎಂದುಬಿಡುವುದು ವಾಡಿಕೆಯಾಗಿದೆ, ಆದ್ದರಿಂದ ನಾನು ಎಚ್ಚರದಿಂದ ಹೇಳುತ್ತೇನೆ. ಆದರೆ ಊರು ಬಾರ್ಕೂರಿನ ಸೀಮೆ, ರೂಪ ಕೋರೆಹಲ್ಲಿನ ಕಾಡುಹಂದಿ, ಮೈಗೆ ಕೆಂಪು ಬಣ್ಣ, ಮುಖಕ್ಕೆ ದೀಪದ ಎಣ್ಣೆ. ಇಷ್ಟು ಕೂಡಿದರೆ ಬೇರೆ ಹೆಸರು ಹೊಳೆಯುವುದಿಲ್ಲ. ಬೆಳೆ ಹಾಳುಮಾಡುವ ಪ್ರಾಣಿಯೇ ಬೆಳೆ ಕಾಯುವ ದೈವವಾಗಿ ಮನೆಮನೆಯಲ್ಲೂ ನೆಲೆಗೊಂಡ ನಾಡು ಅದು. ಹುಲಿ, ಹಂದಿ, ಕೋಣ, ನಂದಿ, ಬೆರ್ಮೆರ್ ಎಂಬ ದೈವದ ಕುದುರೆ, ಇವುಗಳನ್ನು ಮರದಲ್ಲಿ ಕೆತ್ತಿ ಬಣ್ಣ ಬಳಿದು ಸ್ಥಾನದಲ್ಲಿ ಇಡುವ ಪದ್ಧತಿ ಉಡುಪಿ, ದಕ್ಷಿಣ ಕನ್ನಡದ ಉದ್ದಕ್ಕೂ ಇದೆ. ಬಾರ್ಕೂರಿನಿಂದ ಹೆಚ್ಚು ದೂರವಿಲ್ಲದ ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನ ಇದರ ದೊಡ್ಡ ನೆಲೆ. ಕೆಂಪು, ಹಳದಿ, ಕಪ್ಪಿನಲ್ಲಿ ಕಣ್ಣರಳಿಸಿ ನಿಂತ ಅಲ್ಲಿನ ಉರುಗಳನ್ನು ನೋಡದೆ ಕರ್ನಾಟಕದ ಮರಗೆತ್ತನೆಯ ಬಗ್ಗೆ ಮಾತನಾಡಬಾರದು ಎಂಬುದು ನನ್ನ ಹಟ. ಅಲ್ಲಿಯ ಹಳೆಯ ಉರುಗಳಲ್ಲಿ ಹಲವು ಈಗ ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ, ಸ್ಥಾನದಲ್ಲಿ ಹೊಸದಾಗಿ ಕೆತ್ತಿದವು ನಿಂತಿವೆ.

ಹಳೆಯದು ಹೋಗಿ ಹೊಸದು ಬರುವ ಈ ಕ್ರಮವೇ ನಿಮ್ಮ ಹಂದಿ ಅಟ್ಟ ಸೇರಿದ್ದಕ್ಕೂ ಕಾರಣವಿರಬೇಕು. ಕಿವಿಯೋ ಕಾಲೋ ಮುರಿದ ಮೂರ್ತಿಯನ್ನು ಪೂಜೆಯಲ್ಲಿ ಮುಂದುವರಿಸುವುದಿಲ್ಲ. ಜೀರ್ಣೋದ್ಧಾರ ಮಾಡುವಾಗ ಅದರ ಸಾನ್ನಿಧ್ಯವನ್ನು ಕಲಶಕ್ಕೆ ಸೆಳೆದು, ಹೊಸ ಮೂರ್ತಿಗೆ ತುಂಬಿ, ಹಳೆಯದನ್ನು ನೀರಿಗೆ ಬಿಡುವುದು ರೂಢಿ. ಕೆಲವರಿಗೆ ನೀರಿಗೆ ಬಿಡಲು ಮನಸ್ಸಾಗುವುದಿಲ್ಲ. ಬಟ್ಟೆ ಸುತ್ತಿ ಅಟ್ಟದಲ್ಲಿ ಇಡುತ್ತಾರೆ. ಹಾಗಾಗಿ ಪ್ರಯೋಗಾಲಯಕ್ಕಿಂತ ಮುಂಚೆ ನಿಮ್ಮ ಹೆಂಡತಿಯ ಕಡೆಯ ಹಿರಿಯರಿಗೆ ಫೋನ್ ಮಾಡಿ. ಕುಟುಂಬದ ಮೂಲಸ್ಥಾನ ಯಾವುದು, ಅಲ್ಲಿ ಈಗ ತಂಬಿಲ (ದೈವಕ್ಕೆ ಸಲ್ಲಿಸುವ ಪೂಜೆ) ನಡೆಯುತ್ತಿದೆಯೇ, ಮೂರ್ತಿ ಬದಲಿಸಿದ ನೆನಪು ಯಾರಿಗಾದರೂ ಇದೆಯೇ ಎಂದು ಕೇಳಿ. ‘ನನ್ನ ಮದುವೆಯ ವರ್ಷ ಹೊಸದು ಮಾಡಿಸಿದರು’ ಎಂಬಂತಹ ಒಂದು ಮಾತು ಸಿಕ್ಕಿದರೆ ಅದಕ್ಕೆ ಯಾವ ಯಂತ್ರವೂ ಸಾಟಿಯಲ್ಲ.

ಮುರಿದ ಕಿವಿಯ ಬುಡದಲ್ಲಿ ಮರ ಹಳದಿ ಬೆರೆತ ಕಂದು ಬಣ್ಣಕ್ಕಿದೆ. ಹಲಸು ಎಂದು ನನ್ನ ಅಂದಾಜು. ಕರಾವಳಿಯ ಹಿತ್ತಿಲಲ್ಲೇ ಸಿಗುವ, ಗೆದ್ದಲಿಗೆ ಸುಲಭವಾಗಿ ಸೋಲದ, ಉಳಿಗೆ ಒಗ್ಗುವ ಮರ. ಯಕ್ಷಗಾನದ ಮದ್ದಳೆಗೂ ಅದೇ. ಕಡಿದಾಗ ಅಚ್ಚ ಹಳದಿಯಿದ್ದು ವರ್ಷ ಕಳೆದಂತೆ ಕಂದಾಗುತ್ತದೆ. ಖಚಿತಪಡಿಸಿಕೊಳ್ಳಬೇಕೆಂದರೆ ನೀವು ದೂರ ಹೋಗಬೇಕಾಗಿಲ್ಲ. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುತ್ತಾರೆ. ಕಿವಿ ಮುರಿದ ಜಾಗದಿಂದ ಒಂದು ಸಣ್ಣ ಚಕ್ಕೆ ಸಾಕು, ಬೇರೆಲ್ಲೂ ಕೆರೆಯಬೇಡಿ.

ಬಣ್ಣ ಉದುರಿದ ಅಂಚಿನಲ್ಲಿ ಮೂರು ಪದರ ಎಣಿಸಬಹುದು: ಮೇಲೆ ಹೊಳಪಿನ ಕೆಂಪು, ಅದು ಇತ್ತೀಚಿನ ಎನಾಮೆಲ್, ಅದರ ಕೆಳಗೆ ಹೊಳಪಿಲ್ಲದ ಕೆಂಪು, ತಳದಲ್ಲಿ ಬಿಳಿ. ವಯಸ್ಸಿನ ನಿಜವಾದ ಸಾಕ್ಷಿ ಇಲ್ಲಿದೆ. ತಳದ ಬಿಳಿ ಸುಣ್ಣವಾಗಿದ್ದರೆ ಒಂದು ಅರ್ಥ, ಟೈಟಾನಿಯಂ ಬಿಳಿಯಾಗಿದ್ದರೆ ಇನ್ನೊಂದು ಅರ್ಥ, ಏಕೆಂದರೆ ಟೈಟಾನಿಯಂ ಬಿಳಿ ಬಣ್ಣದ ಪೇಟೆಗೆ ಬಂದದ್ದೇ 1920ರ ಸುಮಾರಿಗೆ. ಕರಾವಳಿಯ ಈ ಬಣ್ಣಗಾರಿಕೆಯನ್ನು ಕಿನ್ನಾಳದ್ದರೊಡನೆ ಬೆರೆಸಿಕೊಳ್ಳುವವರಿದ್ದಾರೆ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ಮರದ ಹೊಟ್ಟು, ಸೆಣಬಿನ ಪುಡಿ, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟವನ್ನು ಬಳಿದು, ಅದರ ಮೇಲೆ ಬಣ್ಣ ಕೊಡುತ್ತಾರೆ. ಒಡವೆಗಳನ್ನು ಕೂಡ ಆ ಕಿಟ್ಟದಿಂದಲೇ ಉಬ್ಬಿಸುತ್ತಾರೆ. ಅಲ್ಲಿ ರೂಪದ ಅರ್ಧ ಕೆಲಸ ಲೇಪದ್ದು. ನಿಮ್ಮ ಹಂದಿಯಲ್ಲಿ ಬಿರುಗೂದಲು ಕೂಡ ಮರದಲ್ಲೇ ಕೆತ್ತಿದ್ದು. ಸಾಗರ, ಸೊರಬದ ಗುಡಿಗಾರರ ಗಂಧದ ಕೆಲಸಕ್ಕೂ ಮೈಸೂರಿನ ಬೀಟೆಯ ಆನೆಗಳಿಗೂ ಬಣ್ಣದ ಹಂಗೇ ಇಲ್ಲ, ಮರವೇ ಅಲ್ಲಿ ಮೆರೆಯಬೇಕು.

ಒಟ್ಟಿನಲ್ಲಿ ಹಂದಿಗೆ ನೂರು ವರ್ಷ ದಾಟಿರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅಭಿಪ್ರಾಯ. ಮುರಿದ ಕಿವಿಯಲ್ಲಿ ಉಳಿದಿರುವ ಮೊಳೆ ಕಮ್ಮಾರನ ಸುತ್ತಿಗೆಯ ಪೆಟ್ಟು ತಿಂದ ಚೌಕ ಮೊಳೆ. ತಂತಿಯಿಂದ ಮಾಡಿದ ದುಂಡು ಮೊಳೆ ಅಗ್ಗವಾಗಿ ಸಿಗತೊಡಗಿದ ಮೇಲೆ ಅಂತಹದ್ದನ್ನು ಬಡಿಸುವ ಗೋಜಿಗೆ ಹೋದವರು ಕಡಿಮೆ.

ಇನ್ನು ಆರೈಕೆ. ತೊಳೆಯುವುದು, ಮರಳುಕಾಗದದಿಂದ ಉಜ್ಜುವುದು, ಎಣ್ಣೆ ಹಚ್ಚುವುದು, ವಾರ್ನಿಶ್, ನಾಲ್ಕೂ ಬೇಡ. ತೊಳೆದರೆ ಮೇಲೆ ಹೇಳಿದ ಎರಡು ಮಸಿಯ ಕಥೆ ಚರಂಡಿಗೆ ಹೋಗುತ್ತದೆ. ಉಜ್ಜುವುದು ಅಪಾಯಕರವೂ ಹೌದು: ಹಳೆಯ ಕೆಂಪಿನಲ್ಲಿ ಸೀಸ ಅಥವಾ ಪಾದರಸ, ಹಳೆಯ ಹಳದಿಯಾದ ಹರಿದಾಳದಲ್ಲಿ ಆರ್ಸೆನಿಕ್ ಇರುತ್ತದೆ, ಆ ಧೂಳು ಮನೆಯೊಳಗೆ ಹಾರಬಾರದು. ಮೃದುವಾದ ಒಣ ಕುಂಚದಿಂದ ಮೇಲಿನ ಸಡಿಲ ಧೂಳನ್ನಷ್ಟೇ ತೆಗೆಯಿರಿ. ಬಣ್ಣ ಎದ್ದುಕೊಂಡಿರುವ ಕಡೆ ಅದನ್ನೂ ಮಾಡಬೇಡಿ.

ಪುಡಿ ಉದುರುತ್ತಿದೆ ಎಂದಿದ್ದೀರಿ. ಹಳೆಯ ಸುರಂಗದ ಪುಡಿ ಮನೆ ಬದಲಿಸಿದಾಗ ಅಲುಗಾಡಿಯೂ ಬೀಳಬಹುದು. ಅದನ್ನು ತಿಳಿಯಲು ಹಂದಿಯನ್ನು ಒಂದು ಕಪ್ಪು ಕಾಗದದ ಮೇಲೆ ನಿಲ್ಲಿಸಿ, ಕೆಲವು ವಾರ ಮುಟ್ಟದೆ ಬಿಡಿ. ತಿಳಿಬಣ್ಣದ ಹೊಸ ಪುಡಿ ಸಣ್ಣ ಗುಡ್ಡೆಯಾಗಿ ಬೀಳುತ್ತಲೇ ಇದ್ದರೆ ಹುಳು ಜೀವಂತವಾಗಿದೆ. ಆಗ ಅದನ್ನು ಪಾಲಿಥಿನ್ ಚೀಲದಲ್ಲಿ ಮುಚ್ಚಿ ಬೇರೆ ಮರದ ಸಾಮಾನುಗಳಿಂದ ದೂರವಿಡಿ. ಸೀಮೆಎಣ್ಣೆ ಚುಚ್ಚುವುದು, ಡೀಸೆಲ್ ಬಳಿಯುವುದು ನಮ್ಮ ಬಡಗಿಗಳ ಹಳೆಯ ಉಪಾಯ. ಹುಳು ಸತ್ತರೂ ಬಣ್ಣ ಹಾಳಾಗುತ್ತದೆ. ವಸ್ತುಸಂಗ್ರಹಾಲಯಗಳು ಇಂತಹ ವಸ್ತುವನ್ನು ಗಾಳಿಯಾಡದ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣಗಳ ಜೊತೆ ಕೆಲವು ವಾರ ಇಟ್ಟು ಹುಳುವನ್ನು ಉಸಿರುಗಟ್ಟಿಸುತ್ತವೆ. ಇದನ್ನು ಬಲ್ಲವರಿಂದ ಮಾಡಿಸಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ. ಬಣ್ಣದ ಪದರಗಳ ಬಗ್ಗೆಯೂ ಅಲ್ಲಿಯೇ ಕೇಳಬಹುದು.

ಇನ್ನೊಂದು ಸಂಗತಿಗೆ ಸಿದ್ಧರಾಗಿರಿ. ಕರಾವಳಿಯ ತೇವದಲ್ಲಿ ಬೆಳೆದು ಬಾಳಿದ ಮರಕ್ಕೆ ಬೆಂಗಳೂರಿನ ಫೆಬ್ರುವರಿ, ಮಾರ್ಚ್‌ನ ಒಣಹವೆ ಕಠಿಣ. ಮರ ಉದ್ದಕ್ಕೆ ಕುಗ್ಗುವುದಿಲ್ಲ ಎನ್ನಬಹುದು. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ಬೆಳವಣಿಗೆಯ ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ತಿರುಳಿನ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಆದ್ದರಿಂದಲೇ ಬಿರುಕು ತಿರುಳಿನ ಕಡೆಗೆ ಬಾಯಿಬಿಡುತ್ತದೆ. ಹಂದಿಯ ಪಕ್ಕೆಯಲ್ಲಿ ಒಂದು ಗೆರೆ ಈಗಾಗಲೇ ಇದೆ, ಬೇಸಿಗೆಯಲ್ಲಿ ಅದು ತುಸು ಅಗಲವಾಗಬಹುದು. ಗಾಬರಿಯಾಗಿ ಪುಟ್ಟಿ ತುಂಬಿಸಬೇಡಿ. ಮಳೆಗಾಲದಲ್ಲಿ ಮರ ಮತ್ತೆ ಉಬ್ಬಿದಾಗ ಗಟ್ಟಿಯಾದ ಪುಟ್ಟಿಗೆ ಜಾಗ ಸಾಲದೆ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ನೇರ ಬಿಸಿಲು ಬೀಳುವ ಕಿಟಕಿ, ಎ.ಸಿ.ಯ ಗಾಳಿ, ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆ, ಈ ಮೂರರಿಂದ ದೂರವಿರಿಸಿದರೆ ಸಾಕು.

ಕೊನೆಗೆ ಅಮೆರಿಕದ ಪ್ರಯಾಣ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 100 ವರ್ಷ ತುಂಬಿದ ಶಿಲ್ಪ ಪ್ರಾಚ್ಯವಸ್ತು, ಮರದ್ದಾದರೂ ಸರಿ. ಅದನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಸೆರೆವಾಸ ಮತ್ತು ದಂಡ. ಹಂದಿ ಹೋಗುವುದಿಲ್ಲ ಎಂದೇ ತಿಳಿಯಿರಿ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಕೆತ್ತಿದ ಮರದ ಪ್ರಾಚ್ಯವಸ್ತುಗಳಿಗೆ ನೋಂದಣಿಯ ನಿಯಮವಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಬೆಂಗಳೂರು ವೃತ್ತದ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ, ಫೋಟೊ ತೆಗೆದುಕೊಂಡು ಹೋಗಿ ವಿಚಾರಿಸಿ. ಹೋಗುವ ಮುನ್ನ ಕೋರೆಹಲ್ಲನ್ನು ಭೂತಗನ್ನಡಿಯಲ್ಲಿ ನೋಡಿಕೊಳ್ಳಿ. ಮರದ ಎಳೆ ಕಂಡರೆ ಚಿಂತೆಯಿಲ್ಲ. ನಿಜವಾದ ಕಾಡುಹಂದಿಯ ಕೋರೆ ಕೂರಿಸಿದ್ದರೆ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತದೆ, ಅದಕ್ಕೆ ಅರಣ್ಯ ಇಲಾಖೆಯಲ್ಲಿ ಕೇಳಬೇಕು. ಮೂಲಸ್ಥಾನದವರು ‘ಅದು ನಮ್ಮದು, ವಾಪಸು ಕೊಡಿ’ ಎಂದರೆ ಏನು ಮಾಡುತ್ತೀರಿ ಎಂಬುದನ್ನೂ ಮನೆಯಲ್ಲಿ ಮಾತನಾಡಿಕೊಂಡಿರಿ. ನನ್ನನ್ನು ಕೇಳಿದರೆ, ಕೊಡಬೇಕು.

ಕುದುರೆ ಹೋಗಬಹುದು. ಆದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ನಿಮ್ಮಷ್ಟು, ನನ್ನಷ್ಟು ಪುರುಸೊತ್ತು ಇರುವುದಿಲ್ಲ, ಹಳೆಯದಾಗಿ ಕಾಣುವ ಯಾವ ವಸ್ತುವನ್ನೂ ಅವರು ತಡೆಯುತ್ತಾರೆ. ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಅದೇ ಪುರಾತತ್ತ್ವ ಇಲಾಖೆಯಿಂದ ಮೊದಲೇ ಪಡೆದಿರಬೇಕು. ಅರ್ಜಿಯ ಜೊತೆ ಖರೀದಿಯ ರಸೀದಿ ಇದ್ದರೆ ಒಳ್ಳೆಯದು, ಆದರೆ ನಿಮ್ಮ ರಸೀದಿಯಲ್ಲಿ ‘200 ವರ್ಷ’ ಎಂದು ಬರೆದಿದ್ದರೆ ಅದೇ ನಿಮಗೆ ಮುಳುವು. ಅಂಗಡಿಗೆ ಹೋಗಿ, ಪ್ರಾಚ್ಯವಸ್ತು ಮಾರಲು ಈ ಕಾಯ್ದೆಯಡಿ ಪಡೆಯಬೇಕಾದ ಪರವಾನಗಿಯ ಸಂಖ್ಯೆಯನ್ನು ರಸೀದಿಯ ಮೇಲೆ ಬರೆದುಕೊಡಿ ಎಂದು ಸೌಮ್ಯವಾಗಿ ಕೇಳಿ. ‘ಹೊಸ ಕೆತ್ತನೆ, ಹಳೆಯ ತೇಗ’ ಎಂದು ತಿದ್ದಿದ ರಸೀದಿ ಅಲ್ಲಿಯೇ ಸಿಗುತ್ತದೆ ಎಂದು ನನ್ನ ನಂಬಿಕೆ. ಕೊಟ್ಟ ಹಣದಲ್ಲಿ ಎಷ್ಟು ವಾಪಸು ಬರಬೇಕು ಎಂಬ ಮಾತನ್ನು ಆ ರಸೀದಿ ಕೈಗೆ ಬಂದ ಮೇಲೆ ಎತ್ತಿ.